ನಾನು ಪಟ್ಟಿಲ್ವಾ ಕಷ್ಟ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಂಚಿಕೆಗೆ: ಕಷ್ಟ ಉಂಡು ಮೇಲೆ ಬಂದವರು ನಾಲ್ಕು ಜನರನ್ನು ನಡೆಸುವಾಗ

ಪ್ರಶ್ನೆ: ಯಜಮಾನರು ತೀರಿಕೊಂಡಾಗ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಹಸು. ಅದರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದೆ. ಈಗ ಎರಡು ವರ್ಷದಿಂದ ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆ. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಬಂದಿಲ್ಲ ಅಂತ ಹಾಲು ವಾಪಸ್ ಕಳಿಸಿದರೆ, ಪಶು ಆಹಾರದ ಬಾಕಿ ಕೇಳಿದರೆ, ಸದಸ್ಯರು ಕಷ್ಟ ತೋಡಿಕೊಳ್ಳುತ್ತಾರೆ. 'ನಾನು ಪಟ್ಟಿಲ್ವಾ ಕಷ್ಟ?' ಅಂತೀನಿ. ಅದಕ್ಕೆ ಕಲ್ಲೆದೆಯವಳು ಅನ್ನಿಸಿಕೊಂಡಿದ್ದೇನೆ. ಐದು ಮನೆಯವರು ಖಾಸಗಿ ಡೈರಿಗೆ ಹಾಲು ಹಾಕುತ್ತಿದ್ದಾರೆ. ನನ್ನ ತಪ್ಪು ಎಲ್ಲಿ?
– ಹೊಳೆನರಸೀಪುರ ತಾಲ್ಲೂಕಿನ ಓದುಗರು

ಉತ್ತರ: ಆ ಮೂರು ಪದದಲ್ಲೇ ಇದೆ. ಪಟ್ಟವರಿಗೇ ಗೊತ್ತು ಪಾಡು ಅಂತ ನಾವೆಲ್ಲ ನಂಬಿದ್ದೇವೆ. ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಸಂಶೋಧಕಿ ರೇಚಲ್ ರಟ್ಟನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಕೆಲಸ ಕಳೆದುಕೊಂಡು ಮತ್ತೆ ಎದ್ದುನಿಂತವರು, ಅದೇ ಹೊಡೆತಕ್ಕೆ ಸಿಕ್ಕಿ ಏಳಲಾರದೆ ದಾರಿ ತಪ್ಪಿದವನ ಮೇಲೆ ಬೇರೆಯವರಿಗಿಂತ ಕಡಿಮೆ ಕನಿಕರ ತೋರಿದರು. ಕಷ್ಟ ದಾಟಿದ ಮೇಲೆ ಅದು ಎಷ್ಟು ಭಾರವಿತ್ತು ಅನ್ನುವುದು ಮಾಸುತ್ತದೆ, ಗೆದ್ದೆ ಅನ್ನುವುದು ಮಾತ್ರ ಉಳಿಯುತ್ತದೆ. ಹಾಗಾಗಿ ಎದುರಿಗಿರುವವಳು ಸೋಮಾರಿಯಾಗಿ ಕಾಣುತ್ತಾಳೆ. ನಿಮ್ಮದು ಕಲ್ಲೆದೆಯಲ್ಲ, ಈ ಮರೆವು.

ಬಿಗಿ ಬಿಡಬೇಡಿ. ಅದು ಪರೀಕ್ಷೆಯ ಮೇಜಿನ ಮೇಲಿರಲಿ, ಬಾಯಲ್ಲಿ ಬೇಡ. ಫ್ಯಾಟ್ (ಜಿಡ್ಡು) ಶೇ 3.5, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಘನ ಪದಾರ್ಥ) ಶೇ 8.5 ಬರದಿದ್ದರೆ ವಾಪಸ್ ಕಳಿಸುವ ಮುಂಚೆ ಎರಡು ಅಂಕಿಯನ್ನೂ ಜೊತೆಗಿಟ್ಟು ಓದಿ. ಎರಡೂ ಒಟ್ಟಿಗೆ ಇಳಿದಿದ್ದರೆ ನೀರಿನ ಅನುಮಾನ ಸರಿ. ಅದೂ ತೊಳೆದ ಕ್ಯಾನ್ ಬೋರಲು ಹಾಕದೆ ತಳದಲ್ಲಿ ಉಳಿದ ನೀರಿರಬಹುದು. ಡಿಗ್ರಿ ಸರಿಯಿದ್ದು ಫ್ಯಾಟ್ ಮಾತ್ರ ಇಳಿದಿದ್ದರೆ ಅದು ಸಾಮಾನ್ಯವಾಗಿ ನೀರಲ್ಲ. ಕೆಚ್ಚಲಿನ ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು. ಅವಸರದಲ್ಲಿ ಅರ್ಧ ಕರೆದು ಎದ್ದರೆ, ಇಲ್ಲ ಕೊನೆಯದನ್ನು ಕರುವಿಗೆ ಬಿಟ್ಟರೆ, ಫ್ಯಾಟ್ ಕರುವಿನ ಹೊಟ್ಟೆ ಸೇರುತ್ತದೆ. ಹುಲ್ಲು ಕಡಿಮೆ ಮಾಡಿ ಹಿಂಡಿಯೇ ಹೆಚ್ಚು ಹಾಕಿದರೂ ಇಳಿಯುತ್ತದೆ. ಫ್ಯಾಟ್ ಇದ್ದು ಎಸ್‌ಎನ್‌ಎಫ್ ಇಲ್ಲದಿದ್ದರೆ ಮೇವು ಸಾಲದು, ಅಥವಾ ಕೆಚ್ಚಲು ಬಾವು ಶುರುವಾಗಿರಬಹುದು. ಇನ್ನೊಂದು: ಕರೆದ ಬಿಸಿಯಲ್ಲೇ ಲ್ಯಾಕ್ಟೋಮೀಟರ್ ಬಿಟ್ಟರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಹಾಲನ್ನು ಚೆನ್ನಾಗಿ ಕದಡದೆ ಸ್ಯಾಂಪಲ್ ತೆಗೆದರೆ ಫ್ಯಾಟ್ ಲೆಕ್ಕವೂ ತಪ್ಪು.

ಆದ್ದರಿಂದ ಕೇಳಬೇಕಾದ್ದು 'ನೀರು ಹಾಕಿದ್ಯಾ?' ಅಂತಲ್ಲ. 'ಕರು ಯಾವಾಗ ಬಿಟ್ಟೆ? ಕೆಚ್ಚಲು ಗಟ್ಟಿ ಆಗಿದೆಯಾ?' ಈ ಎರಡು ಪ್ರಶ್ನೆ ಒಂದೇ ಹಸು ಕಟ್ಟಿ ಬದುಕಿದ ನಿಮಗೆ ಹೊಳೆಯುವಷ್ಟು ಬೇರೆಯವರಿಗೆ ಹೊಳೆಯುವುದಿಲ್ಲ. ನಿಮ್ಮ ಕಷ್ಟ ಸಂಘಕ್ಕೆ ಉಪಯೋಗವಾಗುವುದು ಇಲ್ಲಿ.

ಪಶು ಆಹಾರದ ಬಾಕಿ ಬೇರೆ ವಿಷಯ. ಅಲ್ಲಿ ನೀವು ಒಬ್ಬರೇ ಕೂತು ಒಬ್ಬರಿಗೆ ಬಿಟ್ಟು ಒಬ್ಬರನ್ನು ಹಿಡಿದರೆ ಊರು ಎರಡಾಗುತ್ತದೆ. ಆಡಳಿತ ಮಂಡಳಿಯಲ್ಲಿ ಒಂದು ನಿಯಮ ಮಾಡಿ: ಹಸು ಸತ್ತರೆ, ಹಸು ಬತ್ತಿದರೆ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ, ಬಾಕಿಯನ್ನು ಹಾಲಿನ ಹಣದ ಒಂದೇ ಬಟವಾಡೆಯಲ್ಲಿ ಮುರಿಯದೆ ಮೂರು ಬಟವಾಡೆಗೆ ಹಂಚುವುದು. ಬೇರೆ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ಕಾರ್ಯದರ್ಶಿಯಿಂದ ನಡವಳಿ ಪುಸ್ತಕದಲ್ಲಿ ಬರೆಸಿ, ಸದಸ್ಯರ ಎದುರು ಓದಿಸಿ. ಆಮೇಲೆ ಯಾರು ಬಂದು ಅತ್ತರೂ 'ನಿಯಮ ಇದೆಯಲ್ಲ, ಅರ್ಜಿ ಕೊಡು' ಅಂದರೆ ಸಾಕು. ನಿಮ್ಮ ಕಥೆಯೂ ಬೇಡ, ಅವಳ ಕಣ್ಣೀರಿನ ತೂಕವೂ ಬೇಡ.

ಆ ಐದು ಮನೆಗೆ ನೀವೊಬ್ಬರೇ ಹೋಗಿ, ಸಂಜೆ ಹಾಲು ಕರೆದಾದ ಮೇಲೆ. 'ಯಾವತ್ತಿಂದ ನಿಲ್ಲಿಸಿದಿರಿ, ಆವತ್ತು ಏನಾಯ್ತು?' ಅಂತ ಕೇಳಿ ಸುಮ್ಮನಿರಿ. ಸಂಘಕ್ಕೆ ಹಾಕುವ ಹಾಲಿಗೆ ಮಾತ್ರ ಸರ್ಕಾರದ ಪ್ರೋತ್ಸಾಹಧನ ಸಿಗುವ ಮಾತು ಹೇಳಬೇಕಾದದ್ದೇ, ಆದರೆ ಅವರ ಮಾತು ಮುಗಿದ ಮೇಲೆ. ಮೊದಲೇ ಹೇಳಿದರೆ ದುಡ್ಡಿಗೆ ಬಂದಳು ಅಂತಾರೆ.

ಪ್ರಶ್ನೆ: ತಂದೆ ಸಾಲ ಬಿಟ್ಟು ಹೋದಾಗ ನನಗೆ 19. ಏಳು ವರ್ಷದಲ್ಲಿ ಕಾಫಿ ತೋಟ ಉಳಿಸಿಕೊಂಡೆ. ಈಗಲೂ ಎಲ್ಲ ನಾನೇ ನೋಡಬೇಕು. ಹೋದ ವರ್ಷ ಒಂದು ದಿನ ಬ್ಯಾಂಕಿಗೆ ಹೋಗಿದ್ದಾಗ ಮಳೆ ಬಂದು ಕಣದಲ್ಲಿದ್ದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ) ನೆನೆಯಿತು. ಮೇಸ್ತ್ರಿ ಅಲ್ಲೇ ಇದ್ದ. ಇಂಥವರನ್ನು ನಂಬುವುದು ಹೇಗೆ?
– ಮೂಡಿಗೆರೆ ತಾಲ್ಲೂಕಿನ ಓದುಗ

ಉತ್ತರ: ಮೇಸ್ತ್ರಿಗೆ ಮೋಡ ಕಂಡಿರುತ್ತದೆ. ಹಣ್ಣು ಕೊಯ್ಯುತ್ತಿದ್ದವರನ್ನು ಕಣಕ್ಕೆ ಕರೆಸಲು ಅಧಿಕಾರ ಇತ್ತೇ? ಕೊಯ್ಲು ನಿಲ್ಲಿಸಿದರೆ ನೀವು ಬಂದು ಬೈಯುತ್ತೀರಿ, ನಿಲ್ಲಿಸದಿದ್ದರೆ ಮಳೆ. ಅವನು ಬೈಗುಳ ತಪ್ಪಿಸಿಕೊಂಡ.

19ರಲ್ಲಿ ಎಲ್ಲ ನೀವೇ ಮಾಡಿದ್ದು ಸರಿ, ಬೇರೆ ಯಾರೂ ಇರಲಿಲ್ಲ. ಆ ಅಭ್ಯಾಸವೇ ಈಗ ಕೈಕಟ್ಟಿದೆ. ಇಡೀ ತೋಟ ಒಪ್ಪಿಸಬೇಡಿ, ಕಣ ಒಪ್ಪಿಸಿ. ಕೆಲಸ ಕೊಟ್ಟು ತೀರ್ಮಾನ ನಿಮ್ಮಲ್ಲೇ ಇಟ್ಟುಕೊಂಡರೆ ಒಪ್ಪಿಸಿದಂತಲ್ಲ. ಒಂದು ರಟ್ಟಿನ ಮೇಲೆ ಬರೆದು ಕಣದ ಶೆಡ್ಡಿನಲ್ಲಿ ನೇತುಹಾಕಿ: ಗಂಟೆಗೊಮ್ಮೆ ಕೈಯಾಡಿಸುವುದು, ಮೋಡ ಕವಿದರೆ ಯಾರನ್ನೂ ಕೇಳದೆ ಕೊಯ್ಲಿನಿಂದ ನಾಲ್ಕು ಆಳು ಕರೆಸಿ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುವುದು, ಸಂಜೆ ಮೋಡ ಇರಲಿ ಬಿಡಲಿ ಹೊದಿಸುವುದು, ತೇವಾಂಶದ ಮೀಟರಿನಲ್ಲಿ ಪಾರ್ಚ್‌ಮೆಂಟ್ ಶೇ 10ಕ್ಕೆ, ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಶೇ 11ಕ್ಕೆ ಬಂದರೆ ಚೀಲ ತುಂಬುವುದು. ಹಸಿ ಇದ್ದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ, ಅತಿಯಾಗಿ ಒಣಗಿದರೆ ತೂಕವೂ ಹೋಗಿ ಹೊಟ್ಟು ಸುಲಿಯುವ ಕ್ಯೂರಿಂಗ್‌ನಲ್ಲಿ ಬೀಜ ಒಡೆಯುತ್ತದೆ. ಈ ಕಾರಣವನ್ನೂ ಅವನಿಗೆ ಹೇಳಿ. ಬರೀ ಅಂಕಿ ಕೊಟ್ಟರೆ ಮೀಟರ್ ಕೆಟ್ಟ ದಿನ ಅವನೂ ಕೆಟ್ಟ.

ಶುರುಮಾಡುವುದು ಅಕಾಲದ ಮಳೆ ಬೀಳುವ ನವೆಂಬರಿನಲ್ಲಲ್ಲ, ಜನವರಿಯ ಗಟ್ಟಿ ಬಿಸಿಲಿನಲ್ಲಿ. ಮೊದಲ ವಾರ ತಪ್ಪುತ್ತಾನೆ. ಆಳುಗಳ ಎದುರು ನೀವೇ ಕುಂಟೆ ಕಿತ್ತುಕೊಂಡು ಎಳೆದರೆ ಅಲ್ಲಿಗೆ ಮುಗಿಯಿತು, ಮರುದಿನದಿಂದ ಅವನು ಮತ್ತೆ ನಿಮ್ಮ ಮುಖ ನೋಡುತ್ತಾನೆ.

ಪ್ರಶ್ನೆ: ನಾವು ಕಷ್ಟದಲ್ಲಿ ಬೆಳೆದು ಗಟ್ಟಿಯಾದೆವು. ಪಿಯುಸಿ ಓದುವ ಮಗ ಸುಖದಲ್ಲಿ ಬೆಳೆದಿದ್ದಾನೆ. ಬೇಕೆಂದೇ ದುಡ್ಡು ಬಿಗಿಹಿಡಿದರೆ ಮುಂದಾಳಾಗುತ್ತಾನಾ?
– ಕಡೂರಿನ ಓದುಗರು

ಉತ್ತರ: ಇಲ್ಲ. ಅಪ್ಪನ ಹತ್ತಿರ ಇದೆ, ಕೊಡುತ್ತಿಲ್ಲ ಅಂತ ಅವನಿಗೆ ಗೊತ್ತಿರುವಾಗ ಅದು ಕಷ್ಟವಲ್ಲ, ಜಗಳ. ಆಘಾತದ ನಂತರದ ಬೆಳವಣಿಗೆಯನ್ನು ಅಳೆಯಲು 1996ರಲ್ಲಿ ಮಾಪನ ರೂಪಿಸಿದ ಅಮೆರಿಕದ ಮನೋವಿಜ್ಞಾನಿಗಳಾದ ಟೆಡೆಶ್ಚಿ ಮತ್ತು ಕ್ಯಾಲ್ಹೌನ್ ಕೂಡ ಹೇಳುವುದು, ಬೆಳೆಸುವುದು ಹೊಡೆತವಲ್ಲ, ಹೊಡೆತದ ಜೊತೆಗಿನ ಗುದ್ದಾಟ ಅಂತ. ಬದಲಿಗೆ ಒಂದು ಕೊಯ್ಲಿನ ತೆಂಗಿನಕಾಯಿ ಅವನಿಗೆ ಬಿಡಿ. ಕೊಯ್ಯುವವರನ್ನು ಗೊತ್ತುಮಾಡುವುದು, ಎಣಿಸುವುದು, ವ್ಯಾಪಾರಿ ಜೊತೆ ದರ ಕುದುರಿಸುವುದು, ಕೂಲಿ ಕೊಟ್ಟು ಲೆಕ್ಕ ಬರೆಯುವುದು ಎಲ್ಲ ಅವನೇ. ಕಡಿಮೆಗೆ ಕೊಟ್ಟು ಬಂದರೆ ಊಟದ ಹೊತ್ತಿನಲ್ಲಿ ಆ ಮಾತು ಎತ್ತಬೇಡಿ. ಮುಂದಿನ ಕೊಯ್ಲಿಗೆ ಯಾವ ವ್ಯಾಪಾರಿಯನ್ನು ಕರೀತೀಯ ಅಂತ ಮಾತ್ರ ಕೇಳಿ.