ಆಶ್ ಮರದ ನೆತ್ತಿ ಒಣಗುತ್ತಿದ್ದರೆ

ನಿಮ್ಮ ಆಶ್ ಮರದ (ಅಮೆರಿಕದಲ್ಲಿ ಸಾಮಾನ್ಯವಾದ ಒಂದು ನೆರಳಿನ ಮರ) ನೆತ್ತಿ ಒಣಗುತ್ತಿದೆ, ಮರಕುಟಿಗಗಳು ತೊಗಟೆ ಕುಕ್ಕಿ ಉದುರಿಸುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಬಹುಪಾಲು ಎಮರಾಲ್ಡ್ ಆಶ್ ಬೋರರ್ ಕೆಲಸ. ಏಷ್ಯಾದಿಂದ ಬಂದು, 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ಪತ್ತೆಯಾದ ಹಸಿರು ದುಂಬಿ ಇದು. ಆದರೆ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ತೊಗಟೆಯ ತೂತು ನೋಡಿ. ಸುಮಾರು 3 ಮಿ.ಮೀ. ಅಗಲ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡಗಿದ್ದರೆ ಇದೇ. ಪೂರ್ತಿ ದುಂಡಗಿದ್ದರೆ ಬೇರೆ ಹುಳು. ಸಡಿಲವಾದ ತೊಗಟೆ ಎತ್ತಿದರೆ ಹಾವು ಹರಿದಂತೆ ಡೊಂಕು ಜಾಡು ಕಾಣುತ್ತದೆ. ಮರಿಹುಳು ಅಲ್ಲಿ ಮೇಯುತ್ತಾ ಮರದ ಆಹಾರದ ದಾರಿಯನ್ನೇ ಕತ್ತರಿಸುತ್ತದೆ.

ಆಮೇಲೆ ದೂರ ನಿಂತು ಎಷ್ಟು ಒಣಗಿದೆ ಅಂದಾಜು ಮಾಡಿ. ಮೂರನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಉಳಿಸಬಹುದು. ಪರವಾನಗಿ ಇರುವವರಿಂದ ಕಾಂಡಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ ಅನ್ನೋ ಕೀಟನಾಶಕದ ಇಂಜೆಕ್ಷನ್ ಕೊಡಿಸಿ. ಎಲೆ ಬಿಟ್ಟ ಮೇಲೆ, ವಸಂತದ ಕೊನೆಯಲ್ಲಿ ಕೊಟ್ಟರೆ ಒಳ್ಳೆಯದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮತ್ತೆ ಕೊಡಿಸಬೇಕು. ನಾನು 'ಇನ್ನೊಂದು ವರ್ಷ ನೋಡೋಣ' ಅಂತ ಕೂತು ಒಂದು ಮರ ಕಳೆದುಕೊಂಡೆ.

ಅರ್ಧಕ್ಕಿಂತ ಜಾಸ್ತಿ ಒಣಗಿದ್ದರೆ ಔಷಧಿ ಸುಮ್ನೆ ದುಡ್ಡು ದಂಡ. ಬೇಗ ಕಡಿಸಿಬಿಡಿ. ಸತ್ತ ಆಶ್ ಬಲು ಬೇಗ ಪೆಡಸಾಗುತ್ತದೆ, ತಡವಾದರೆ ಹತ್ತುವವರಿಗೇ ಅಪಾಯ. ಕಡಿದ ಸೌದೆ ಮಾತ್ರ ಬೇರೆ ಊರಿಗೆ ಒಯ್ಯಬೇಡಿ, ಹುಳು ಅದರೊಳಗೇ ಕೂತು ಪ್ರಯಾಣ ಮಾಡುತ್ತದೆ.