ಓದುಗರ ಪ್ರಶ್ನೆ: ಅಜ್ಜನ ಟ್ರಂಕಿನ ರಿವಾಲ್ವರ್

ಹೋದ ಸಂಚಿಕೆಯಲ್ಲಿ ಹಳೇ ಮಿಲಿಟರಿ ಮತ್ತು ಪೊಲೀಸ್ ಪಿಸ್ತೂಲ್, ರಿವಾಲ್ವರ್‌ಗಳ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ ಅಂದಿದ್ದೆವು. ತುಂಬ ಜನ ಬರೆದಿದ್ದೀರಿ, ಕೆಲವರು ಹೆಸರು ಹಾಕ್ಬೇಡಿ ಅಂದಿದ್ದೀರಿ, ಅದಕ್ಕೆ ಯಾರದ್ದೂ ಹೆಸರು ಹಾಕ್ಲಿಲ್ಲ, ಬರೀ ಊರು ಮಾತ್ರ.

ಕಾರ್ಕಳದಿಂದ: ಸರ್, ಹಳೇ ಮನೆ ಕೆಡವುವಾಗ ಅಟ್ಟದಲ್ಲಿದ್ದ ಅಜ್ಜನ ಟ್ರಂಕಿನಲ್ಲಿ ಚರ್ಮದ ಕವರಿನೊಳಗೆ ಒಂದು ರಿವಾಲ್ವರ್ ಸಿಕ್ಕಿದೆ. ಅಜ್ಜ ಮಿಲಿಟರಿಯಲ್ಲಿ ಇದ್ದವರು, ತೀರಿಹೋಗಿ 30 ವರ್ಷ ಆಯ್ತು. ವೆಬ್ಲಿ ಅಂತ ಬರೆದಿದೆ, ಕೆಳಗೆ 1917 ಅಂತ ಉಂಟು. ದೊಡ್ಡಪ್ಪ ಹೇಳುವುದು ಇದು 100 ವರ್ಷ ದಾಟಿದ ಆಂಟಿಕ್, ಲೈಸೆನ್ಸ್ ಗೀಸೆನ್ಸ್ ಎಲ್ಲ ಬೇಡ, ಹೊಸ ಮನೆ ಶೋಕೇಸಲ್ಲಿ ಇಡುವ ಅಂತ. ಎಂತ ಮಾಡುವುದು?

ಉತ್ತರ: ಮೊದಲನೇ ಮಾತು, ಅದು ಈಗ ಎಲ್ಲಿ ಉಂಟೋ ಅಲ್ಲೇ ಇರ್ಲಿ. ಟ್ರಿಗರ್ ಒತ್ತಿ ನೋಡುವುದು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದು, ವಾಟ್ಸಾಪಿಗೆ ಹಾಕುವುದು ಯಾವುದೂ ಬೇಡ ಮಾರಾಯ್ರೆ. ಒಳಗೆ ತೋಟೆ ಉಂಟು ಅಂತಲೇ ಲೆಕ್ಕ ಹಾಕಿ, 30 ವರ್ಷ ಅಟ್ಟದಲ್ಲಿ ಇದ್ದದ್ದು ಅಂತ ಧೈರ್ಯ ಮಾಡ್ಬೇಡಿ, ಹಳೇ ತೋಟೆ ಹೊಡೆಯುವುದಿಲ್ಲ ಅಂತ ಯಾರೂ ಗ್ಯಾರಂಟಿ ಕೊಡ್ಲಿಕ್ಕೆ ಆಗುವುದಿಲ್ಲ.

ಇನ್ನು ದೊಡ್ಡಪ್ಪನ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಸರಿ, ಆದರೆ ಸರಿ ಇಲ್ಲದ ಆ ಅರ್ಧವೇ ನಿಮ್ಮನ್ನು ಕೋರ್ಟಿಗೆ ಎಳೆಯುವುದು. 1959ರ ಆರ್ಮ್ಸ್ ಆಕ್ಟಿನ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಉಂಟು ಹೌದು, ಆದರೆ ಅದು ರಿಪೇರಿ ಮಾಡಿದ್ರೂ ಗುಂಡು ಹಾರಿಸ್ಲಿಕ್ಕೆ ಆಗದ ಸ್ಥಿತಿಯಲ್ಲಿ ಇರ್ಬೇಕು. ಬರೀ ವಯಸ್ಸಾದ್ರೆ ಸಾಲದು. ನಿಮ್ಮ ಹತ್ರ ಇರುವುದು 1917ರದ್ದು ಅಂದ್ರೆ ಹೆಚ್ಚಾಗಿ ವೆಬ್ಲಿ ಮಾರ್ಕ್ ಸಿಕ್ಸ್, ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ್ದು, ಮೊದಲ ಮಹಾಯುದ್ಧದ ಮಧ್ಯೆ 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾಡೆಲ್. 6 ಇಂಚಿನ ನಳಿಗೆ, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಭಾರ, ಮೇಲಿನ ಲಾಚ್ ಒತ್ತಿ ನಳಿಗೆ ಕೆಳಗೆ ಬಗ್ಗಿಸಿದ್ರೆ ಆರು ತೋಟೆಯ ಖಾಲಿ ಕೊಳವೆಗಳೂ ಒಟ್ಟಿಗೆ ಹೊರಗೆ ಹಾರಿ ಬೀಳ್ತವೆ. ಟ್ರೆಂಚಿನ ಕೆಸರಲ್ಲಿ ಕೆಲಸ ಮಾಡ್ಲಿಕ್ಕೆ ಅಂತಲೇ ಮಾಡಿದ ಗಟ್ಟಿ ಸಾಮಾನು ಅದು, ಒಳ್ಳೇ ಸ್ಥಿತಿಯಲ್ಲಿದ್ರೆ ಇವತ್ತಿಗೂ ಹೊಡೀತದೆ. ಅದರ ನಳಿಗೆಯ ತೂತಿನ ಅಳತೆ ಪಾಯಿಂಟ್ 455 ಇಂಚು, ಅದು ನಮ್ಮಲ್ಲಿ ಪ್ರೊಹಿಬಿಟೆಡ್ ಬೋರ್ (ನಿಷೇಧಿತ ಅಳತೆ) ಲೆಕ್ಕದಲ್ಲಿ ಬರ್ತದೆ, ಪಾಯಿಂಟ್ 38 ರಿವಾಲ್ವರ್, 9 ಎಂಎಂ ಪಿಸ್ತೂಲ್, ಪಾಯಿಂಟ್ 303 ರೈಫಲ್ ಎಲ್ಲ ಅದೇ ಗುಂಪು. ಅಂದ್ರೆ ತೋಟಕ್ಕೆ ಹಂದಿ ಬರ್ತದೆ ಅಂತ ನಮ್ಮ ಕಡೆ ಇಟ್ಟುಕೊಳ್ಳುವ ಕೋವಿಯ ಲೈಸೆನ್ಸ್ ಇದಕ್ಕೆ ಆಗುವುದಿಲ್ಲ, ಕೇಂದ್ರ ಗೃಹ ಇಲಾಖೆವರೆಗೆ ಹೋಗುವ ವಿಷಯ.

2020ರಲ್ಲಿ ಗೃಹ ಇಲಾಖೆ ಕ್ಯೂರಿಯೋ, ಅಂದ್ರೆ ಅಪರೂಪದ ಹಳೇ ವಸ್ತು ಅಂತ ಬರುವ ಸಣ್ಣ ಆಯುಧ ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಬೇಡ, ಆದರೆ ಬಳಸುವುದಾದ್ರೆ, ಹೊತ್ತುಕೊಂಡು ಹೋಗುವುದಾದ್ರೆ, ಸಾಗಿಸುವುದಾದ್ರೆ ಬೇಕು ಅಂತ ಹೇಳಿತ್ತು. ದೊಡ್ಡಪ್ಪ ಅದನ್ನೇ ಎಲ್ಲೋ ಓದಿರಬೇಕು. ಆದರೆ ನಿಮ್ಮ ರಿವಾಲ್ವರ್ ಕ್ಯೂರಿಯೋ ಹೌದಾ ಅಲ್ವಾ ಅಂತ ತೀರ್ಮಾನ ಮಾಡುವುದು ದೊಡ್ಡಪ್ಪನೂ ಅಲ್ಲ ನಾನೂ ಅಲ್ಲ, ಲೈಸೆನ್ಸ್ ಕೊಡುವ ಅಧಿಕಾರಿ. ನಿಮಗೆ ಅದು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ, ಮಂಗಳೂರು ನಗರದವರಿಗಾದ್ರೆ ಪೊಲೀಸ್ ಕಮಿಷನರ್.

ಹಾಗಾಗಿ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗ್ಬೇಡಿ. ಇವತ್ತೇ ನೀವು ಮಾತ್ರ ಹೋಗಿ, ಆಗುವುದಾದ್ರೆ ಒಬ್ಬ ವಕೀಲರನ್ನು ಕರ್ಕೊಂಡು ಹೋಗಿ, ಸಿಕ್ಕಿದ್ದು ಯಾವತ್ತು, ಎಲ್ಲಿ, ಯಾರೆಲ್ಲ ಇದ್ರು, ಅಜ್ಜ ಯಾರು ಅಂತ ಕಾಗದದಲ್ಲಿ ಬರೆದು ಕೊಡಿ, ಅವರೇ ಬಂದು ತಕೊಂಡು ಹೋಗ್ಲಿ. ಸೆಕ್ಷನ್ 21 ಇರುವುದೇ ಇಂಥದ್ದಕ್ಕೆ, ತಡ ಮಾಡದೆ ಹತ್ತಿರದ ಸ್ಟೇಷನ್ನಿಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿದ್ರೆ, ನಿಗದಿ ಮಾಡಿದ ಅವಧಿಯೊಳಗೆ ಲೈಸೆನ್ಸ್ ಸಿಕ್ಕಿದ್ರೆ ವಾಪಸ್ ತಕೊಳ್ಳಬಹುದು, ಇಲ್ಲದಿದ್ದರೆ ಕಾನೂನು ಪ್ರಕಾರ ಮಾರಬಹುದು. ಒಂದು ಮಾತ್ರ ಮರೀಬೇಡಿ, ರಶೀದಿಯಲ್ಲಿ ಬರೀ "ಒಂದು ಹಳೆಯ ರಿವಾಲ್ವರ್" ಅಂತ ಬರೆಸ್ಬೇಡಿ. ಹೆಸರು, ಇಸವಿ, ಸೀರಿಯಲ್ ನಂಬರ್ ಮೂರೂ ಬರ್ಬೇಕು. ಅಜ್ಜನ ಡಿಸ್ಚಾರ್ಜ್ ಪುಸ್ತಕ, ಪೆನ್ಷನ್ ಕಾಗದ, ಹಳೇ ಲೈಸೆನ್ಸ್ ಅದೇ ಟ್ರಂಕಿನಲ್ಲಿ ಇದ್ರೂ ಇರಬಹುದು, ದಯವಿಟ್ಟು ಆ ಟ್ರಂಕನ್ನು ಗುಜರಿಗೆ ಹಾಕುವ ಮೊದಲು ಅಡಿಯಲ್ಲಿ ಹಾಸಿದ ಪೇಪರನ್ನೂ ಎತ್ತಿ ನೋಡಿ.

ಸುಳ್ಯದಿಂದ: ನಮ್ಮ ಕುಟುಂಬದಲ್ಲಿ ಒಂದು ರಿವಾಲ್ವರ್ ಉಂಟು, ಲೈಸೆನ್ಸ್ ಉಂಟು. ಕಲ್ಯಾಣಪ್ಪನ ಕಾಟಕಾಯಿಯಲ್ಲಿ (ಬ್ರಿಟಿಷರ ವಿರುದ್ಧ ನಮ್ಮ ಕಡೆ ಎದ್ದ ದಂಗೆ) ನಮ್ಮ ಹಿರಿಯರು ಬ್ರಿಟಿಷರಿಂದ ಕಿತ್ತುಕೊಂಡದ್ದು ಅಂತ ಹೇಳ್ತಾರೆ. ಇದನ್ನು ಸಾಬೀತು ಮಾಡುವುದು ಹೇಗೆ?

ಉತ್ತರ: ನಿಮ್ಮ ಕುಟುಂಬದ ಅಭಿಮಾನ ನನಗೆ ಅರ್ಥ ಆಗ್ತದೆ, ಅಮರ ಸುಳ್ಯದ ಕಥೆ ಕೇಳಿ ಬೆಳೆದವರಿಗೆಲ್ಲ ಅದು ಇರ್ತದೆ. ಆದರೆ ನೀವು ಕಳಿಸಿದ ಫೋಟೋದಲ್ಲಿ ಇರುವುದು ನಡುವಿಂದ ಬಗ್ಗುವ ವೆಬ್ಲಿ. ಸುಳ್ಯದ ಕಡೆಯಿಂದ ಹೊರಟವರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು 1837ರ ಏಪ್ರಿಲಿನಲ್ಲಿ, ಅಲ್ಲಿ ಈಗ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಉಂಟಲ್ಲ, 2022ರಲ್ಲಿ ಮಾಡಿದ್ದು. ಅಮೆರಿಕದಲ್ಲಿ ಕೋಲ್ಟ್ ತನ್ನ ರಿವಾಲ್ವರಿಗೆ ಪೇಟೆಂಟ್ ತಕೊಂಡದ್ದೇ 1836ರಲ್ಲಿ, ಮರುವರ್ಷಕ್ಕೆ ಅದು ಪುತ್ತೂರು ಸುಳ್ಯಕ್ಕೆ ಮುಟ್ಟುವ ಮಾತೇ ಇಲ್ಲ. ಆಗ ಇದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬಿಸಿ ಗಜದಿಂದ ಕುಟ್ಟುವ ಕೋವಿ. ಲೋಹದ ತೋಟೆ ಹಾಕುವ ರಿವಾಲ್ವರ್ ಮಾರಾಟಕ್ಕೆ ಬಂದದ್ದೇ 1850ರ ದಶಕದಲ್ಲಿ, ಅಮೆರಿಕದ ಸ್ಮಿತ್ ಅಂಡ್ ವೆಸನ್ನಿನದ್ದು 1857ರಲ್ಲಿ. ನಿಮ್ಮ ಜಾತಿಯ ವೆಬ್ಲಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1887ರಲ್ಲಿ, ಕಾಟಕಾಯಿ ಮುಗಿದು ಸರಿಯಾಗಿ 50 ವರ್ಷಕ್ಕೆ.

ಹಾಗಂತ ಅದಕ್ಕೆ ಕಥೆ ಇಲ್ಲ ಅಂತ ಅಲ್ಲ, ಬೇರೆ ಕಥೆ ಉಂಟು, ಅದು ಅದರ ಮೈಮೇಲೆಯೇ ಬರೆದುಂಟು. ನಿಮ್ಮ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕೋಳಿ ಕಾಲಿನ ಅಚ್ಚಿನ ಹಾಗೆ ಮೂರು ಗೆರೆಯ ಸಣ್ಣ ಬಾಣ ಕಾಣ್ತದೆ, ಅದು ಬ್ರಿಟಿಷ್ ಸರಕಾರದ ಸೊತ್ತು ಅಂತ ಗುರುತು. ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ ಇದ್ರೆ ಇಂಡಿಯಾ ಸರಕಾರದ್ದು. ಎರಡು ಬಾಣ ತುದಿಗೆ ತುದಿ ಮುಟ್ಟಿ ಎದುರುಬದುರು ಇದ್ರೆ ಸರಕಾರ ಅದನ್ನು ಲೆಕ್ಕದಿಂದ ತೆಗೆದು ಮಾರಿದೆ ಅಂತ, ಅಂದ್ರೆ ನಿಮ್ಮ ಹಿರಿಯರು ಯಾರೋ ದುಡ್ಡು ಕೊಟ್ಟು ನ್ಯಾಯವಾಗಿ ತಕೊಂಡದ್ದು ಅಂತ ಆಗ್ತದೆ. ನಿಮ್ಮದರಲ್ಲಿ ಎರಡನೇ ಬಾಣ ಇದ್ದ ಹಾಗೆ ನನಗೆ ಕಾಣ್ತದೆ, ಭೂತಕನ್ನಡಿ ಹಿಡಿದು ನೋಡಿ ತಿಳಿಸಿ.

ಬಿಜೈ, ಮಂಗಳೂರಿನಿಂದ: ಮಳೆಗಾಲ ಬಂದ್ರೆ ಸಾಕು, ಮಾವನ ಲೈಸೆನ್ಸ್ ರಿವಾಲ್ವರಿಗೆ ತುಕ್ಕು, ಚರ್ಮದ ಪೌಚಿಗೆ ಬೂಸ್ಟು. ತೆಂಗಿನೆಣ್ಣೆ ಹಚ್ಚಿ ಇಡ್ತೇವೆ. ಒಮ್ಮೆ ಪಾಲಿಶ್ ಮಾಡಿಸಿ ನಿಕ್ಕಲ್ ಹಾಕಿಸ್ಲಾ?

ಉತ್ತರ: ಬೇಡ, ಬೇಡ, ಬೇಡ! ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೇನೆ, ಯಾಕೆಂದ್ರೆ ಇದೇ ತಪ್ಪು ನಮ್ಮ ಮನೆಯಲ್ಲೇ ಆಗಿದೆ.

ನನ್ನ ದೊಡ್ಡಮಾವನ ಹತ್ರ ಪಾಯಿಂಟ್ 32 ವೆಬ್ಲಿ ಇತ್ತು. ಅವರ ಮಗಳ ಮದುವೆ ಮುಂಚೆ ಮನೆಯ ದೀಪ, ಹರಿವಾಣ ಎಲ್ಲ ಪಾಲಿಶಿಗೆ ಕೊಡುವಾಗ ಇದೂ ಹೊಳೀಲಿ ಅಂತ ಪೇಟೆಯ ಒಂದು ಅಂಗಡಿಗೆ ಕೊಟ್ಟದ್ದು, ಆಗ ಕಾನೂನು ಕಟ್ಟಳೆ ಗೊತ್ತಿಲ್ಲದ ವಯಸ್ಸು ನನ್ನದು, ಜತೆಗೆ ಹೋದವನು ನಾನೇ. ಬಫ್ ಮಿಷನ್ನಿಗೆ ಹಿಡಿದ್ರು. ಸಂಜೆ ತರುವಾಗ ಕನ್ನಡಿ ಹಾಗೆ ಹೊಳೀತಿತ್ತು, ನಮಗೆಲ್ಲ ಖುಷಿಯೋ ಖುಷಿ. ಮುಂದಿನ ರಿನ್ಯೂವಲಿಗೆ ಕೊಂಡೋದಾಗ ನಂಬರಿನ ಕೊನೆಯ ಎರಡು ಅಂಕೆ ಓದ್ಲಿಕ್ಕೆ ಆಗುವುದಿಲ್ಲ. ಮೂರು ವರ್ಷ ದೊಡ್ಡಮಾವ ಆ ಕಾಗದ ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳಿದ್ರು, 70 ದಾಟಿದ ಮನುಷ್ಯ, ನಂಬರ್ ಉಜ್ಜಿ ತೆಗೆದದ್ದು ಯಾಕೆ ಅಂತ ಕಳ್ಳನನ್ನು ಕೇಳಿದ ಹಾಗೆ ಕೇಳಿಸಿಕೊಂಡ್ರು. ಗುರುತಿನ ನಂಬರ್ ಅಳಿಸುವುದು ಆರ್ಮ್ಸ್ ಆಕ್ಟಿನ 8ನೇ ಸೆಕ್ಷನ್ನಿನಲ್ಲಿ ಅಪರಾಧ, ಅದು ನಮಗೆ ಆಮೇಲೆ ಗೊತ್ತಾದದ್ದು. ಆ ಎರಡು ಅಂಕೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಒಂದು ನಂಬರ್ ಎಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಭಗತ್ ಸಿಂಗರ ಪಿಸ್ತೂಲಿನ ಕಥೆ ಕೇಳಿ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್ ಮೇಲೆ ಹಾರಿಸಿದ ಪಾಯಿಂಟ್ 32 ಕೋಲ್ಟ್, ಕೇಸಿನ ದಾಖಲೆಯಲ್ಲಿ ಅದರ ನಂಬರ್ 168896. ಅದು ಕೈಯಿಂದ ಕೈಗೆ ಹೋಗಿ ಕೊನೆಗೆ ಇಂದೋರಿನ ಬಿಎಸ್‌ಎಫ್ ಶಾಲೆಯ ಮ್ಯೂಸಿಯಮ್ಮಿಗೆ ಬಂದು, ಬೇರೆ ಆಯುಧಗಳ ಸಾಲಿನಲ್ಲಿ ಅದೂ ಒಂದು ಅಂತ ವರ್ಷಗಟ್ಟಲೆ ಕೂತಿತ್ತು, ತುಕ್ಕು ಹಿಡೀಬಾರದು ಅಂತ ಕಪ್ಪು ಪೈಂಟ್ ಬಳಿದು ಬಳಿದು ನಂಬರೇ ಮುಚ್ಚಿಹೋಗಿತ್ತು. ಕೆಲವು ವರ್ಷದ ಹಿಂದೆ ಪೈಂಟ್ ಕೆರೆದು ನೋಡಿದಾಗ ಅಡಿಯಲ್ಲಿ ಆ ಆರು ಅಂಕೆ ಕಂಡಿತು, ದಾಖಲೆಗೆ ತಾಳೆ ಆಯ್ತು. ಪುಣ್ಯಕ್ಕೆ ಪೈಂಟ್ ಹಚ್ಚಿದ್ರು, ಬಫ್ ಮಾಡ್ಲಿಲ್ಲ. ಮಾಡಿದ್ರೆ ಅದು ಬರೀ ಒಂದು ಹಳೇ ಕೋಲ್ಟ್ ಆಗಿ ಉಳೀತಿತ್ತು.

ಈಗ ನಿಮ್ಮ ಮಾವನದ್ದಕ್ಕೆ ಬರುವ. ತೆಂಗಿನೆಣ್ಣೆ ನಿಲ್ಲಿಸಿ, ನಾವು ಕರಾವಳಿಯವರು ಬಾಗಿಲ ಕೀಲಿಯಿಂದ ಹಿಡಿದು ಎಲ್ಲದಕ್ಕೂ ಅದನ್ನೇ ಹಚ್ಚುವುದು, ಆದರೆ ಅದು ದಿನ ಹೋದ ಹಾಗೆ ಅಂಟಂಟಾಗಿ ಧೂಳು ಹಿಡೀತದೆ. ಹೊಲಿಗೆ ಮಿಷನ್ನಿನ ಎಣ್ಣೆಯೋ ಗನ್ ಆಯಿಲ್ಲೋ ಹತ್ತಿ ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಒರೆಸಿ ಬಿಡಿ, ಅದೂ ತೋಟೆ ಇಲ್ಲ ಅಂತ ಎರಡು ಸಲ ನೋಡಿದ ಮೇಲೆ. ಬರಿ ಕೈಯಲ್ಲಿ ಮುಟ್ಟಿದ್ರೆ ಕೂಡಲೇ ಒರೆಸಿ, ನಮ್ಮ ಕೈಯ ಬೆವರಲ್ಲಿ ಉಪ್ಪು ಉಂಟು, ಆಷಾಢದಲ್ಲಿ ಬೆರಳಚ್ಚು ಬಿದ್ದಲ್ಲಿಯೇ ಬೆರಳಿನ ಆಕಾರಕ್ಕೆ ತುಕ್ಕು ಏಳ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಹುಣಸೆಹುಳಿ, ಬೂದಿ, ಸ್ಯಾಂಡ್ ಪೇಪರ್ ಹತ್ರವೂ ತರ್ಬೇಡಿ.

ಮುಖ್ಯ, ಚರ್ಮದ ಪೌಚಿನೊಳಗೆ ಇಡ್ಬೇಡಿ. ಚರ್ಮ ನೀರು ಹೀರ್ತದೆ, ಆ ತೇವ ಕಬ್ಬಿಣಕ್ಕೆ ಹತ್ತುತ್ತದೆ, ಹಿತ್ತಾಳೆ ಗುಂಡಿ ಇದ್ದಲ್ಲಿ ಹಸಿರು ಕಿಲುಬು ಬರ್ತದೆ. ಪೌಚ್ ಬೇರೆ, ರಿವಾಲ್ವರ್ ಬೇರೆ, ಎರಡರ ಹತ್ರವೂ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪೊಟ್ಟಣ 15 ದಿನಕ್ಕೊಮ್ಮೆ ಬದಲಿಸಿ. ಬೂಸ್ಟನ್ನು ಒಣ ಬ್ರಷ್ಷಿನಿಂದ ಮನೆ ಹೊರಗೆ ನಿಂತು ತೆಗೆಯಿರಿ, ಬಿಸಿಲಿಗೆ ಮಾತ್ರ ಒಣಗಿಸ್ಬೇಡಿ, ಚರ್ಮ ಬಿರೀತದೆ.

ಕುಂದಾಪುರದಿಂದ, ಕಾಲೇಜು ವಿದ್ಯಾರ್ಥಿ: ಹಳೇ ಪೊಲೀಸ್, ಮಿಲಿಟರಿ ಪಿಸ್ತೂಲ್ ಕಲೆಕ್ಟ್ ಮಾಡ್ಬೇಕು ಅಂತ ತುಂಬ ಆಸೆ. ಫಾರಿನ್‌ನಲ್ಲಿ ಗೋಡೆ ತುಂಬ ಇಟ್ಟವರ ವಿಡಿಯೋ ನೋಡ್ತೇನೆ. ಎಲ್ಲಿಂದ ಶುರು ಮಾಡುದು ಹೇಳಿ ಕಾಂಬ.

ಉತ್ತರ: ಗೋಡೆ ತುಂಬ ಇಲ್ಲಿ ಆಗುವುದಿಲ್ಲ ತಮ್ಮಾ. 2019ರ ತಿದ್ದುಪಡಿ ಆದ ಮೇಲೆ ಒಬ್ಬನಿಗೆ ಹೆಚ್ಚೆಂದ್ರೆ ಎರಡು, ಮುಂಚೆ ಮೂರು ಇತ್ತು. ಅಜ್ಜನಿಂದ ಬಂದದ್ದೂ ಆ ಎರಡರೊಳಗೇ ಸೇರ್ತದೆ. ಆನ್‌ಲೈನಿನಲ್ಲಿ ಯಾರಾದ್ರೂ ಕಾಗದ ಇಲ್ಲದೆ ಕೊಡ್ತೇನೆ ಅಂದ್ರೆ ಆ ಚಾಟ್ ಅಲ್ಲಿಗೇ ಬಿಡು.

ಆದರೆ ಆಸೆ ಬಿಡ್ಬೇಡ. ಆಯುಧದ ಸುತ್ತ ಇರುವ ಸಾಮಾನು ಕಲೆಕ್ಟ್ ಮಾಡು, ಅದಕ್ಕೆ ಲೈಸೆನ್ಸ್ ಬೇಡ, ಕಡಿಮೆ ದುಡ್ಡು, ಕಥೆ ಮಾತ್ರ ಒಂದು ಚೂರೂ ಕಡಿಮೆ ಅಲ್ಲ. ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಚೀಲ ಹೋಲ್ಸ್ಟರ್, ಕೊರಳಿಗೆ ಹಾಕುವ ಹುರಿ ಲ್ಯಾನ್ಯಾರ್ಡ್, ಬೆಲ್ಟಿನ ಬಕಲ್, ಹಳೇ ಬೆಲೆಪಟ್ಟಿ, ತರಬೇತಿ ಪುಸ್ತಕ, ಗುಂಪು ಫೋಟೋ. ನಮ್ಮ ಪೊಲೀಸ್ ಆಫೀಸರುಗಳು ಹೆಗಲ ಮೇಲಿಂದ ಅಡ್ಡ ಹಾಕುವ ಬೆಲ್ಟನ್ನೇ ನೋಡು, ಸ್ಯಾಮ್ ಬ್ರೌನ್ ಅನ್ನುವ ಬ್ರಿಟಿಷ್ ಆಫೀಸರ್ 1858ರಲ್ಲಿ ಇಲ್ಲೇ ಉತ್ತರ ಭಾರತದ ಕಾಳಗದಲ್ಲಿ ಎಡಗೈ ಕಳಕೊಂಡ, ಒಂದೇ ಕೈಯಲ್ಲಿ ಕತ್ತಿ ಎಳೀಬೇಕಾದ್ರೆ ಒರೆ ಅಲುಗಾಡಬಾರದು, ಅದಕ್ಕೆ ಹುಟ್ಟಿದ ಪಟ್ಟಿ ಅದು. ಗುಜರಿ ಅಂಗಡಿಯಲ್ಲಿ ಅಂಥ ಒಂದು ಹಳೇ ಬೆಲ್ಟ್ ಸಿಕ್ಕಿದ್ರೆ ಒಳಬದಿ ತಿರುಗಿಸಿ ನೋಡು, ಮಾಡಿದವರ ಹೆಸರು, ಇಸವಿ ಒತ್ತಿದ್ದು ಇರಬಹುದು. 100 ವರ್ಷ ದಾಟಿದ ಸಾಮಾನನ್ನು ವಿದೇಶಕ್ಕೆ ಮಾರ್ಲಿಕ್ಕೆ ಮಾತ್ರ 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ, ಅದು ನೆನಪಿರ್ಲಿ.

ನಿಜವಾದ ಪಿಸ್ತೂಲ್ ನೋಡ್ಬೇಕಾದ್ರೆ ರಜೆಯಲ್ಲಿ ರೈಲು ಹತ್ತು. ಕೋಲ್ಕತಾದ ಪೊಲೀಸ್ ಮ್ಯೂಸಿಯಮ್ಮಿನಲ್ಲಿ ರೊಡ್ಡಾ ಅನ್ನುವ ಆಯುಧ ಕಂಪನಿಯಿಂದ ಕದ್ದ ಮೌಸರ್ ಪಿಸ್ತೂಲ್ ಉಂಟು, 1914ರ ಆಗಸ್ಟಿನಲ್ಲಿ ಕ್ರಾಂತಿಕಾರಿಗಳು 50 ಮೌಸರ್ ಮತ್ತು 46,000 ತೋಟೆಯನ್ನು ಹಾಡುಹಗಲೇ ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು. ಅಲಹಾಬಾದ್ ಮ್ಯೂಸಿಯಮ್ಮಿನಲ್ಲಿ ಚಂದ್ರಶೇಖರ ಆಜಾದರ ಕೋಲ್ಟ್ ಉಂಟು. ಹೋಗುವಾಗ ನೋಟ್ ಪುಸ್ತಕ ತಕೊಂಡು ಹೋಗು, ನೋಡಿದ ಗುರುತುಗಳನ್ನು ಅಲ್ಲೇ ನಿಂತು ಚಿತ್ರ ಬರೆ, ಮೊಬೈಲಿನ ಫೋಟೋಗಿಂತ ಕೈ ಬರೆದದ್ದು ಜಾಸ್ತಿ ನೆನಪಲ್ಲಿ ಉಳೀತದೆ.

ಸುರತ್ಕಲ್‌ನಿಂದ, ನಿವೃತ್ತ ಪೊಲೀಸ್: 60ರ ದಶಕದ ನಮ್ಮ ಸ್ಟೇಷನ್ನಿನ ಗುಂಪು ಫೋಟೋ ಕಳಿಸಿದ್ದೇನೆ. ಎಸ್‌ಐ ಸಾಹೇಬರ ಮೇಜಿನ ಮೇಲಿರುವುದು ವೆಬ್ಲಿಯೋ ಎನ್‌ಫೀಲ್ಡೋ?

ಉತ್ತರ: ನಮಸ್ಕಾರ ಸರ್. ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುವುದಕ್ಕೆ ಕಾರಣ ಉಂಟು. ಮೊದಲ ಯುದ್ಧ ಆದ ಮೇಲೆ ಪಾಯಿಂಟ್ 455 ಭಾರ ಆಯ್ತು, ಹೊಸಬರಿಗೆ ಕಲಿಸ್ಲಿಕ್ಕೆ ಕಷ್ಟ ಅಂತ ಬ್ರಿಟಿಷ್ ಸರಕಾರ ಪಾಯಿಂಟ್ 38ಕ್ಕೆ ಇಳೀತು. ವೆಬ್ಲಿ ಕಂಪನಿ ಡಿಸೈನ್ ಕೊಟ್ಟಿತು, ಸರಕಾರ ಅದನ್ನೇ ಸ್ವಲ್ಪ ಬದಲಿಸಿ ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಮಾಡಿಸಿ 1932ರಲ್ಲಿ ಸೇನೆಗೆ ತಕೊಂಡಿತು. ವೆಬ್ಲಿಯವರು ಜಗಳ ಆಡಿ ಕೊನೆಗೆ ಸಿಕ್ಕಿದ್ದು 1,250 ಪೌಂಡ್. ಎನ್‌ಫೀಲ್ಡಿಗೆ ಪಕ್ಕದಲ್ಲಿ ಸ್ಕ್ರೂ ಬಿಚ್ಚಿ ತೆಗೆಯುವ ತಗಡು ಉಂಟು, ವೆಬ್ಲಿಗೆ ಇಲ್ಲ. ಮತ್ತೆ 1938ರ ನಂತರದ ಎನ್‌ಫೀಲ್ಡಿನಲ್ಲಿ ಹ್ಯಾಮರಿನ (ತೋಟೆಗೆ ಬಡಿಯುವ ಸುತ್ತಿಗೆಯ) ಹಿಂದಿನ ಕೊಕ್ಕೆ ತೆಗೆದಿದ್ದಾರೆ, ಟ್ಯಾಂಕಿನೊಳಗೆ ಇರುವವರಿಗೆ ಅದು ಅಲ್ಲಿ ಇಲ್ಲಿ ಸಿಕ್ಕಿಕೊಳ್ತಿತ್ತು ಅಂತ. ನಿಮ್ಮ ಫೋಟೋದಲ್ಲಿ ಕೊಕ್ಕೆ ಸ್ಪಷ್ಟ ಕಾಣ್ತದೆ, ಪಕ್ಕದ ತಗಡು ಕಾಣುವುದಿಲ್ಲ, ಆದರೆ ಆ ಬದಿ ನೆರಳು ಬಿದ್ದಿದೆ. ನೆಗೆಟಿವ್ ಇದ್ರೆ ಸ್ಕ್ಯಾನ್ ಮಾಡಿಸಿ ಕಳಿಸಿ ಸರ್.

ಮತ್ತೆ ಒಂದು ಕೇಳಿಕೊಳ್ಳುವುದು. ಅದರಲ್ಲಿ ಹದಿನಾಲ್ಕು ಜನ ನಿಂತಿದ್ದಾರೆ, ಹೆಸರು ಗೊತ್ತಿರುವವರು ಈಗ ನೀವೊಬ್ಬರೇ ಅಂತ ಬರೆದಿದ್ದೀರಿ. ಫೋಟೋದ ಹಿಂದೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರೆದಿಡಿ, ಪೆನ್ನಲ್ಲಿ ಬೇಡ, ಶಾಯಿ ಈಚೆ ಬರ್ತದೆ, ಮೆತ್ತಗಿನ ಪೆನ್ಸಿಲಲ್ಲಿ, ಈ ವಾರವೇ.