ಎತ್ತರ ಆಮೇಲಿರಲಿ, ಮೊದಲು ಸೀಲ್ ನೋಡಿ

ಪ್ರಶ್ನೆ: 1984ರ ಟೊಯೊಟಾ ಹೈಲಕ್ಸ್ ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡಿದ್ದೇನೆ. ಓಡಿಸಲು ಚೆನ್ನಾಗಿದೆ. ಈಗಿರುವ 29 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿ, ಗಾಡಿಯನ್ನು 4 ಇಂಚು ಎತ್ತರಿಸುವ ಆಸೆ. ಮುಂದಿನ ಎರಡೂ ಚಕ್ರಗಳ ಒಳಬದಿಯಲ್ಲಿ ಕಪ್ಪು ಜಿಡ್ಡು ಒಸರುತ್ತಿದೆ, ಹಳೇ ಗಾಡಿಯಲ್ಲಿ ಅಷ್ಟು ಇದ್ದದ್ದೇ. ಯಾವ ಬಗೆಯ ಲಿಫ್ಟ್ ಕಿಟ್ ಹಾಕಿಸಲಿ?

ಉತ್ತರ: ಕಿಟ್ ವಿಷಯಕ್ಕೆ ಆಮೇಲೆ ಬರೋಣ. ನೀವು ಮಾತಿನ ನಡುವೆ ಹೇಳಿ ದಾಟಿಬಿಟ್ಟ ಆ ಕಪ್ಪು ಜಿಡ್ಡು ಇದೆಯಲ್ಲ, ನಿಮ್ಮ ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ನಿಮ್ಮ ಗಾಡಿಯ ಮುಂದಿನ ಆಕ್ಸಲ್ ಹಿಂದಿನದರಂತೆಯೇ ಒಂದೇ ಗಟ್ಟಿ ಕೊಳವೆ. ಅದರ ಎರಡೂ ತುದಿಗಳಲ್ಲಿ ಚೆಂಡಿನಾಕಾರದ ಹೌಸಿಂಗ್ ಇದೆ. ಚಕ್ರವನ್ನು ಹೊತ್ತು ತಿರುಗುವ ನಕಲ್ ಆ ಚೆಂಡಿನ ಮೇಲೆ ಕೂತಿರುತ್ತದೆ. ಚಕ್ರ ಪಕ್ಕಕ್ಕೆ ತಿರುಗಿದಾಗಲೂ ಅದಕ್ಕೆ ಬಲ ದಾಟಿಸುವ ಒಳಗಿನ ಜಾಯಿಂಟ್ ಗ್ರೀಸ್‌ನಲ್ಲಿ ಮುಳುಗಿರಬೇಕು, ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಗುಂಡಿನ, ಅಂದರೆ ಡಿಫರೆನ್ಷಿಯಲ್‌ನ, ಗೇರ್ ಆಯಿಲ್ ಕೊಳವೆಯಲ್ಲೇ ಉಳಿಯಬೇಕು. ಇವೆರಡರ ನಡುವಿನ ಗಡಿ ಒಂದು ಸಣ್ಣ ಆಯಿಲ್ ಸೀಲ್. ಅದು ಹೋದರೆ ಆಯಿಲ್ ಚೆಂಡಿನೊಳಗೆ ಹರಿದು, ಗ್ರೀಸನ್ನು ತೊಳೆದು, ಎರಡೂ ಸೇರಿ ಗಂಜಿಯಾಗಿ ಹೊರಗೆ ಸುರಿಯುತ್ತದೆ. ನಿಮಗೆ ಕಾಣುತ್ತಿರುವುದು ಆ ಗಂಜಿ. ಚೆಂಡಿನ ಮೇಲೆ ತೆಳುವಾದ ಜಿಡ್ಡಿನ ಪದರ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಇರಬೇಕು. ಆದರೆ ನೀರಾಗಿ ಇಳಿದು ಟೈರಿನ ಒಳಗೋಡೆಗೆ ಬಳಿದಿದ್ದರೆ ಒಳಗಿನ ಸೀಲ್ ಸತ್ತಿದೆ. ಹೀಗೇ ಬಿಟ್ಟರೆ ಜಾಯಿಂಟ್ ಒಣಗುತ್ತದೆ, ಡಿಫರೆನ್ಷಿಯಲ್ ಬರಿದಾಗುತ್ತದೆ, ಜಿಡ್ಡು ಬ್ರೇಕ್ ಡಿಸ್ಕಿಗೂ ಹತ್ತುತ್ತದೆ. ಅದರ ಮೇಲೆ 33 ಇಂಚಿನ ಟೈರಿನ ಭಾರ ಹೊರಿಸಿದರೆ ಜಾಯಿಂಟ್ ಮುರಿಯುವುದು ಕಲ್ಲುಹಾದಿಯ ನಟ್ಟನಡುವೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದ ಗಳಿಗೆಯಲ್ಲಿ.

ಬಿಚ್ಚುವ ಮೊದಲು ಆಕ್ಸಲ್ ಮೇಲಿನ ಗಾಳಿ ಮೂತಿಯನ್ನು, ಅಂದರೆ ಬ್ರೀದರನ್ನು ನೋಡಿ. ಅದರಲ್ಲಿ ಕೆಸರು ಕಟ್ಟಿಕೊಂಡಿದ್ದರೆ, ಓಡಿ ಬಿಸಿಯಾದ ಆಕ್ಸಲ್‌ನೊಳಗಿನ ಗಾಳಿ ಹಿಗ್ಗಿ, ಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲಿನ ಮೂಲಕ ತಳ್ಳುತ್ತದೆ. ಹೊಸ ಸೀಲ್ ಹಾಕಿಸಿದ ಮೂರೇ ತಿಂಗಳಿಗೆ ಮತ್ತೆ ಸೋರಿತು ಎಂದು ಬೈದುಕೊಳ್ಳುವವರಲ್ಲಿ ಹಲವರು ಈ ಮೂತಿಯನ್ನು ಮುಟ್ಟಿಯೇ ಇರುವುದಿಲ್ಲ. ಹಳ್ಳ ದಾಟುವಾಗ ಇದರ ತಿರುಗುಮುರುಗು ನಡೆಯುತ್ತದೆ. ಬಿಸಿ ಆಕ್ಸಲ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆಯುತ್ತದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಉದ್ದದ ರಬ್ಬರ್ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ದು ಕಟ್ಟಿದರೆ ಎರಡೂ ಕಾಟ ತಪ್ಪುತ್ತದೆ. ಹಳೆಯ ಪಿಕಪ್‌ಗೆ ನಾನು ಮೊದಲು ಮಾಡುವ ಮಾರ್ಪಾಡು ಇದೇ. ನೋಡಿದವರು ಯಾರೂ ಹೊಗಳುವುದಿಲ್ಲ, ಅದು ಬೇರೆ ಮಾತು.

ಆಮೇಲೆ ಚಕ್ರವನ್ನು ಜಾಕ್ ಹೊಡೆದು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲುಗಾಡಿಸಿ. ಆಟ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ನಿಲ್ಲದಿದ್ದರೆ ನಕಲ್‌ನ ಮೇಲೆ ಕೆಳಗೆ ಇರುವ ಬೇರಿಂಗ್‌ಗಳು ಸವೆದಿವೆ. ಒಂದು ವೇಗಕ್ಕೆ ಬಂದಾಗ ಸ್ಟಿಯರಿಂಗ್ ಹುಚ್ಚು ಹಿಡಿದಂತೆ ಅದುರುವುದಕ್ಕೂ ಇವು ಕಾರಣವಾಗಬಲ್ಲವು. ಅದಕ್ಕೆ ಅದುರಾಟ ಹೀರುವ ಸ್ಟಿಯರಿಂಗ್ ಡ್ಯಾಂಪರ್ ಬದಲಿಸಿ ಸುಮ್ಮನಾಗುವವರಿದ್ದಾರೆ. ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ ಅದು.

ನಕಲ್ ಬಿಚ್ಚುವಾಗ ಮೇಲಿನ ಶಿಮ್ ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಎಂದು ಗುರುತು ಹಾಕಿ ಇಟ್ಟುಕೊಳ್ಳಿ. ಆ ಕಾಗದದಂಥ ತಗಡುಗಳೇ ನಕಲನ್ನು ಚೆಂಡಿನ ನಡುಮಧ್ಯಕ್ಕೆ ನಿಲ್ಲಿಸುವುದು. ಅವು ಅದಲುಬದಲಾದರೆ ಶಾಫ್ಟ್ ಸೀಲಿನ ಮಧ್ಯದಲ್ಲಿ ತಿರುಗದೆ ಒಂದು ಬದಿಗೆ ಒರಗುತ್ತದೆ, ಹೊಸ ಸೀಲೂ ಬೇಗ ಸವೆಯುತ್ತದೆ. ಸ್ಟಿಯರಿಂಗ್ ಆರ್ಮಿನ ಸ್ಟಡ್‌ಗಳಲ್ಲಿರುವ ಶಂಕುವಿನಾಕಾರದ ವಾಷರ್‌ಗಳು ಸುಲಭಕ್ಕೆ ಬರುವುದಿಲ್ಲ. ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ, ಆರ್ಮಿನ ಪಕ್ಕಕ್ಕೆ ಹಿತ್ತಾಳೆ ಸರಳಿಟ್ಟು ಬಡಿದರೆ ಟಪ್ಪನೆ ಚಿಮ್ಮುತ್ತವೆ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದೆಯೇ ಎಂದೂ ನೋಡಿ. ಬಿದ್ದಿದ್ದರೆ ಎಂಥ ಸೀಲ್ ಹಾಕಿದರೂ ಆಯಿಲ್ ನಿಲ್ಲುವುದಿಲ್ಲ.

ಇನ್ನು ನಿಮ್ಮ 4 ಇಂಚು. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಬಾಡಿ. ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರ್ ಮಾತ್ರ, ಅದೂ ವ್ಯಾಸದ ಅರ್ಧದಷ್ಟು. 29ರಿಂದ 33ಕ್ಕೆ ಹೋದರೆ ಆಕ್ಸಲ್ ಕೆಳಗೆ ನಿಮಗೆ ಸಿಗುವುದು ಬರೀ 2 ಇಂಚು. ಆ 2 ಇಂಚಿಗೆ ಎಷ್ಟು ಕಡೆ ಸುಂಕ ಕಟ್ಟಬೇಕು ನೋಡಿ.

ಗೇರಿಂಗ್‌ನಿಂದ ಶುರುಮಾಡಿ. ನಿಮ್ಮ ಆಕ್ಸಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಹಾಕಬೇಕಾದ ಸುತ್ತು, 4.10 ಎಂದಿಟ್ಟುಕೊಂಡರೆ, 33 ಇಂಚಿನ ಟೈರ್ ಹಾಕಿದ ಮೇಲೆ ಮೊದಲಿನ ಎಳೆತ ಉಳಿಯಲು 4.10 × 33 ÷ 29, ಅಂದರೆ 4.67ರ ಆಸುಪಾಸು ಬೇಕು. 4.88ರ ಗೇರ್ ಸೆಟ್ ಹಾಕಿಸುವವರು ಇದಕ್ಕಾಗಿಯೇ ಹಾಕಿಸುವುದು. ಹಾಕಿಸಿದರೆ ಮುಂದಕ್ಕೂ ಹಿಂದಕ್ಕೂ ಒಂದೇ ಅನುಪಾತ ಇರಲೇಬೇಕು. ಹಾಕಿಸದಿದ್ದರೆ ಏರಿನಲ್ಲಿ ಐದನೇ ಗೇರ್ ಮರೆತುಬಿಡಿ, ಕ್ಲಚ್ ಬೇಗ ಸವೆಯುವುದಕ್ಕೂ ತಯಾರಿರಿ. ಸ್ಪೀಡೋಮೀಟರ್ 80 ತೋರಿಸುವಾಗ ನೀವು ನಿಜಕ್ಕೂ 91ರಲ್ಲಿ ಹೋಗುತ್ತಿರುತ್ತೀರಿ. ಬ್ರೇಕಿನ ಹಿಡಿತವೂ ಹಾಗೇ: ಪೆಡಲ್ ಮೇಲೆ ಅಷ್ಟೇ ಬಲ ಹಾಕಿದರೆ ನೆಲದ ಮೇಲೆ ಸಿಗುವ ತಡೆ ಸುಮಾರು 12 ಶೇಕಡಾ ಕಡಿಮೆ, ಟೈರಿನ ಹೆಚ್ಚಿದ ತೂಕ ಬೇರೆ.

ಬ್ರೇಕಿನಲ್ಲಿ ಇನ್ನೊಂದು ಮರೆಯ ಸಂಗತಿಯಿದೆ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸರಳು ಹೋಗಿ ಒಂದು ವಾಲ್ವ್ ಸೇರುತ್ತದೆ. ಹಿಂದೆ ಎಷ್ಟು ಹೊರೆಯಿದೆ ಎಂದು ಚಾಸಿ ಕುಸಿದದ್ದನ್ನು ನೋಡಿ ಅಳೆದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ಗಾಡಿ ಎತ್ತರಿಸಿದಿರೋ, ಹಿಂದೆ ಹೊರೆಯೇ ಇಲ್ಲ ಎಂದು ಅದು ಮೋಸಹೋಗಿ ಹಿಂದಿನ ಬ್ರೇಕನ್ನು ಕಡಿತ ಮಾಡುತ್ತದೆ. ಎತ್ತರಿಸಿದಷ್ಟೇ ಆ ಸರಳಿನ ಬ್ರಾಕೆಟ್ಟನ್ನೂ ಎತ್ತರಿಸಬೇಕು. ಬ್ರೇಕಿನ ರಬ್ಬರ್ ಹೋಸ್‌ಗಳೂ ಉದ್ದವಾಗಬೇಕು. ನಾನು ಮೊದಲ ಸಲ ಗಾಡಿ ಎತ್ತರಿಸಿದಾಗ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಹೋಸ್ ಸಾಕಷ್ಟು ಸಡಿಲವಾಗಿದೆ ಎಂದು ಸಮಾಧಾನಪಟ್ಟಿದ್ದೆ. ಮೊದಲ ಕೊರಕಲಿನಲ್ಲಿ ಒಂದು ಚಕ್ರ ಜೋತುಬಿದ್ದಾಗ ಹೋಸ್ ಕಿತ್ತು, ಪೆಡಲ್ ನೆಲಕ್ಕೆ ಹತ್ತಿತು. ಅಳೆಯಬೇಕಾದ್ದು ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು, ಆಕ್ಸಲ್ ಪೂರ್ತಿ ತೂಗಾಡಲು ಬಿಟ್ಟಾಗ.

ಸ್ಟಿಯರಿಂಗ್ ಕಥೆಯೂ ಇದೆ. ಎತ್ತರ ಹೆಚ್ಚಿದಷ್ಟು ಸ್ಟಿಯರಿಂಗ್ ಬಾಕ್ಸಿನಿಂದ ನಕಲ್ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಓರೆಯಾಗಿ, ಚಕ್ರ ಗುಂಡಿಗಿಳಿದಾಗಲೆಲ್ಲ ಸ್ಟಿಯರಿಂಗ್ ತಾನೇ ಒಂದು ಕಡೆ ಎಳೆಯುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲನ್ನು ಉದ್ದದ್ದು ಹಾಕಿ ಅಗ್ಗದಲ್ಲಿ ಎತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವ ಗಾಡಿಯಲ್ಲಿ ಅದು ಇಡೀ ಆಕ್ಸಲನ್ನು ಮುಂದಕ್ಕೆ ಬಾಗಿಸಿ ಕ್ಯಾಸ್ಟರ್, ಅಂದರೆ ನಕಲ್ ಹಿಂದಕ್ಕೆ ವಾಲಿರುವ ಕೋನವನ್ನು, ತಿನ್ನುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ನಿಲ್ಲುತ್ತದೆ. ಮುಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಕಬ್ಬಿಣದ ತುಂಡು ಇಟ್ಟು ಎತ್ತರಿಸುವುದಂತೂ ಬೇಡವೇ ಬೇಡ.

ನಾನಾದರೆ ಹೀಗೆ ಮಾಡುತ್ತೇನೆ: ನಕಲ್ ಕೆಲಸ ಮುಗಿಸಿ, ನಲವತ್ತು ವರ್ಷಕ್ಕೆ ಬಳುಕಿ ಚಪ್ಪಟೆಯಾದ ಸ್ಪ್ರಿಂಗ್ ತೆಗೆದು ಹೊಸದನ್ನು ಹೊಸ ಬುಶ್‌ಗಳೊಂದಿಗೆ (ಸ್ಪ್ರಿಂಗ್ ತುದಿಯ ರಬ್ಬರ್ ಬಳೆಗಳು) ಹಾಕಿ, 31 ಇಂಚಿನ ಟೈರ್ ಏರಿಸಿ ಆರು ತಿಂಗಳು ಓಡಿಸುತ್ತೇನೆ. ಹೊಸ ಸ್ಪ್ರಿಂಗ್ ಹಾಕಿದರೇ ಗಾಡಿ ಕಣ್ಣಿಗೆ ಕಾಣುವಷ್ಟು ಮೇಲೇಳುತ್ತದೆ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಹಳೆಯದೇ ಹಾಕಬೇಡಿ. ಒಮ್ಮೆ ಬಿಗಿದಾಗ ಅವು ಹಿಗ್ಗಿರುತ್ತವೆ. ಹೊಸದನ್ನು ಹಾಕಿ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಬುಶ್‌ಗಳ ಬೋಲ್ಟನ್ನು ಪೂರ್ತಿ ಬಿಗಿಯುವುದು ಗಾಡಿ ತನ್ನ ಭಾರದ ಮೇಲೆ ನೆಲಕ್ಕೆ ನಿಂತ ಮೇಲೆಯೇ. ಆರು ತಿಂಗಳಾದ ಮೇಲೂ ಡಿಫರೆನ್ಷಿಯಲ್ ಕಲ್ಲಿಗೆ ಬಡಿಯುತ್ತಲೇ ಇದ್ದರೆ ಗೇರ್ ಸೆಟ್ಟಿನ ಲೆಕ್ಕವನ್ನೂ ಸೇರಿಸಿಕೊಂಡು 33ರ ಯೋಚನೆ ಮಾಡಿ. ಮಾಡುವ ಮುನ್ನ ನಿಮ್ಮಲ್ಲಿ ಗಾಡಿಯ ಎತ್ತರ, ಟೈರಿನ ಅಳತೆ ಬದಲಿಸಲು ನಿಯಮ ಎಷ್ಟು ಬಿಡುತ್ತದೆ ಎಂದು ಕೇಳಿಕೊಳ್ಳಿ.

ಪ್ರಶ್ನೆ: ನನ್ನದು 22ಆರ್ ಎಂಜಿನ್. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮುಂಭಾಗದಲ್ಲಿ ಎರಡು ಮೂರು ಸೆಕೆಂಡ್ ಗಡಗಡ ಸದ್ದು, ಆಮೇಲೆ ಮೌನ. ಇತ್ತೀಚೆಗೆ ರೇಡಿಯೇಟರ್ ನೀರೂ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ: ಇರಬಹುದು. ಆದರೆ ಹೆಡ್ ಎತ್ತಿಸುವ ಮೊದಲು ವಾಲ್ವ್ ಕವರ್ ತೆಗೆದು, ಟಾರ್ಚ್ ಬಿಟ್ಟು, ವಾಲ್ವ್‌ಗಳನ್ನು ತೆರೆಯುವ ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್ ಇಳಿಯುವ ಗೂಡಿನೊಳಗೆ ನೋಡಿ. ಈ ಎಂಜಿನ್‌ನಲ್ಲಿ ಮೊದಲು ಎರಡು ಸಾಲಿನ ಚೈನ್ ಇತ್ತು. 1983ರಲ್ಲಿ ಅದು ಒಂದೇ ಸಾಲಿನದಾಗಿ, ಜೊತೆಗೆ ಚೈನನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಗೈಡ್‌ಗಳು ಬಂದವು. ಚೈನ್ ಬಿಗಿಹಿಡಿಯುವ ಟೆನ್ಷನರ್ ನಡೆಯುವುದು ಆಯಿಲ್ ಒತ್ತಡದಿಂದ, ತಣ್ಣಗಿನ ಎಂಜಿನ್‌ನಲ್ಲಿ ಒತ್ತಡ ಏರುವವರೆಗೆ ಚೈನ್ ಸಡಿಲ. ಆ ಎರಡು ಮೂರು ಸೆಕೆಂಡ್ ಅದು ಗೈಡಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿಸಿಕೊಂಡ ಪ್ಲಾಸ್ಟಿಕ್ ಒಂದು ದಿನ ಮುರಿಯುತ್ತದೆ. ಮುರಿದ ಮೇಲೆ ಚೈನ್ ನೇರವಾಗಿ ಅಲ್ಯುಮಿನಿಯಂ ಕವರನ್ನು ಉಜ್ಜುತ್ತದೆ. ಆ ಗೋಡೆಯ ಆಚೆ ಇರುವುದು ಕೂಲಂಟ್ ಹರಿಯುವ ದಾರಿ. ಗೋಡೆ ತೂತಾದರೆ ನೀರು ಆಯಿಲ್‌ಗೆ ಸೇರುತ್ತದೆ, ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆತ ಕಾಫಿಯ ಬಣ್ಣ ಕಾಣುತ್ತದೆ, ಗ್ಯಾಸ್ಕೆಟ್ ಮೇಲೆ ಅಪವಾದ ಬರುತ್ತದೆ.

ಆಯಿಲ್‌ನ ಬಣ್ಣ ಈಗಾಗಲೇ ಬದಲಾಗಿದ್ದರೆ ಗಾಡಿಯನ್ನು ಸ್ಟಾರ್ಟ್ ಮಾಡಲೇಬೇಡಿ, ಎಳೆದುಕೊಂಡು ಹೋಗಿ. ನೀರು ಬೆರೆತ ಆಯಿಲ್ ಕ್ರ್ಯಾಂಕ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಕೆಲಸ ಮಾಡಿಸುವಾಗ ಉಕ್ಕಿನ ಬೆನ್ನಿರುವ ಗೈಡ್ ಕೇಳಿ ಹಾಕಿಸಿ. ಚೈನ್, ಟೆನ್ಷನರ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಗಲಿ. ಆಯಿಲ್ ಪ್ಯಾನ್ ಇಳಿಸದೆ ಕೆಲಸ ಮುಗಿಸಲು ಬಿಡಬೇಡಿ, ಮುರಿದ ಪ್ಲಾಸ್ಟಿಕ್ ಚೂರುಗಳೆಲ್ಲ ಅಲ್ಲೇ ಬಿದ್ದಿರುತ್ತವೆ, ಆಯಿಲ್ ಹೀರುವ ಜಾಲರಿಯ ಬಾಯಿಗೆ.

ಪ್ರಶ್ನೆ: ಟಾರು ರಸ್ತೆಗೆ ಬಂದ ಮೇಲೆ ಲಿವರ್ ಫೋರ್ ವೀಲ್‌ನಿಂದ ಟೂ ವೀಲ್‌ಗೆ ಬರುವುದೇ ಇಲ್ಲ. ಕಲ್ಲುಹಾದಿಯಲ್ಲಿ ಸರಾಗವಾಗಿ ಬರುತ್ತದೆ. ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಕಳಿಸುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಕೇ?

ಉತ್ತರ: ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ನಿಮ್ಮ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸ ತುಂಬಿಕೊಡುವ ಡಿಫರೆನ್ಷಿಯಲ್ ಇಲ್ಲ. ಜಲ್ಲಿಯಲ್ಲಾದರೆ ಟೈರ್ ಜಾರಿ ಲೆಕ್ಕ ಸರಿಹೋಗುತ್ತದೆ. ಟಾರಿನಲ್ಲಿ ಜಾರಲಾಗದೆ ಶಾಫ್ಟ್‌ಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಲಿವರನ್ನು ಕಚ್ಚಿ ಹಿಡಿಯುತ್ತವೆ. ಲಿವರ್ ಮೇಲೆ ಹಗುರವಾಗಿ ಕೈಯಿಟ್ಟು ಹತ್ತು ಹದಿನೈದು ಅಡಿ ನೇರವಾಗಿ ಹಿಂದಕ್ಕೆ ಹೋಗಿ, ತಾನೇ ಬರುತ್ತದೆ. ಇನ್ನುಮುಂದೆ ಟಾರು ಸಿಗುವ ಮೊದಲೇ ತೆಗೆದುಬಿಡಿ. ನೇರ ರಸ್ತೆಯಲ್ಲೂ ಕಚ್ಚಿದರೆ ಮುಂದಿನ ಮತ್ತು ಹಿಂದಿನ ಟೈರ್‌ಗಳ ಅಳತೆ, ಸವೆತ, ಗಾಳಿ ಒಂದೇ ಇದೆಯೇ ನೋಡಿ.

ಪ್ರಶ್ನೆ: ಗೇರ್‌ಬಾಕ್ಸ್‌ಗೂ ಡಿಫರೆನ್ಷಿಯಲ್‌ಗೂ ಒಂದೇ ಆಯಿಲ್ ಹಾಕಿಸಿದೆ. ಈಗ ಎರಡನೇ ಗೇರ್ ಕರಕರ ಎನ್ನುತ್ತದೆ.

ಉತ್ತರ: ಡಬ್ಬದ ಮೇಲೆ ಗೇರ್ ಆಯಿಲ್‌ನ ದರ್ಜೆ ಜಿಎಲ್-5 ಎಂದಷ್ಟೇ ಇದೆಯೇ? ಡಿಫರೆನ್ಷಿಯಲ್‌ಗೆ ಅದು ಸರಿ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುವುದರಿಂದ ಆ ಗಂಧಕ-ರಂಜಕದ ಮಿಶ್ರಣ ಬೇಕು. ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ ಅದೇ ಮಿಶ್ರಣ ಆಗಿಬರುವುದಿಲ್ಲ, ಅದರ ಜಾರಿಕೆಯಿಂದ ರಿಂಗ್ ಗೇರನ್ನು ಹಿಡಿದು ನಿಧಾನಿಸುವುದೂ ಕಷ್ಟವಾಗುತ್ತದೆ. ಪೂರ್ತಿ ಇಳಿಸಿ ಜಿಎಲ್-4 ತುಂಬಿಸಿ. ಕೆಲವೇ ದಿನ ಓಡಿದ್ದರೆ ಸದ್ದು ನಿಲ್ಲುವ ಸಾಧ್ಯತೆ ಇದೆ. ಮತ್ತೊಂದು ಮಾತು, ಯಾವುದೇ ಹೌಸಿಂಗ್ ಇರಲಿ, ತುಂಬಿಸುವ ತೂತಿನ ಬೋಲ್ಟ್ ಬಿಚ್ಚುತ್ತದೆಯೇ ಎಂದು ಖಾತ್ರಿಯಾದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಿ. ಹಳೇ ಆಯಿಲ್ ಸುರಿದು ಖಾಲಿಯಾದ ಮೇಲೆ ಮೇಲಿನದು ತುಕ್ಕಿಗೆ ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲಿಂದ ಅಲುಗುವ ಹಾಗಿಲ್ಲ.

ಪ್ರಶ್ನೆ: ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ) ಕೂರಿಸಲು ಚಾಸಿಗೆ ತೂತು ಕೊರೆಯಬಹುದೇ? ಚಾಸಿಯ ಕೆಳಬದಿಯಲ್ಲಿ ಸ್ವಲ್ಪ ತುಕ್ಕು ಇದೆ.

ಉತ್ತರ: ಮೊದಲು ಸುತ್ತಿಗೆ ತೆಗೆದುಕೊಂಡು ಚಾಸಿಯ ಉದ್ದಕ್ಕೂ, ಮುಖ್ಯವಾಗಿ ಸ್ಪ್ರಿಂಗ್ ಚಾಸಿಗೆ ಸೇರುವ ಹ್ಯಾಂಗರ್‌ಗಳ ಹತ್ತಿರ ತಟ್ಟುತ್ತಾ ಹೋಗಿ. ಗಂಟೆಯಂತೆ ಕೇಳಿಸಿದರೆ ಸರಿ. ದಪ್ ದಪ್ ಎಂದರೆ ಒಳಗಿನಿಂದ ತಿಂದಿದೆ. ಮುಚ್ಚಿದ ಪೆಟ್ಟಿಗೆಯಂಥ ಭಾಗಗಳಲ್ಲಿ ಕೆಸರು ಕೂತು ತುಕ್ಕು ಒಳಗಿನಿಂದಲೇ ಬರುತ್ತದೆ, ಹೊರಗೆ ಪೇಂಟ್ ಮಿನುಗುತ್ತಿರುತ್ತದೆ. ಸುತ್ತಿಗೆ ಒಳಗೆ ಇಳಿದ ಜಾಗಕ್ಕೆ ಪಟ್ಟಿ ಬೆಸೆಯುವುದಾದರೆ ತುದಿಗಳನ್ನು ನೆಟ್ಟಗೆ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ಚಾಸಿಗೆ ಅಡ್ಡಲಾಗಿ ಒಂದೇ ಗೆರೆಯಲ್ಲಿ ಬೆಸುಗೆ ಬಿದ್ದರೆ ಮುಂದೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ಬೆಸೆಯುವಾಗ ಬ್ಯಾಟರಿಯ ಎರಡೂ ತಂತಿ ಬಿಚ್ಚಿಡಿ.

ತೂತನ್ನು ಚಾಸಿಯ ಪಕ್ಕದ ಗೋಡೆಯಲ್ಲಿ ಕೊರೆಯಿರಿ, ಮೇಲಿನ ಕೆಳಗಿನ ಅಂಚುಗಳಲ್ಲಿ ಬೇಡ. ಬಾಗುವಾಗ ಹೆಚ್ಚು ಎಳೆತ ಬೀಳುವುದು ಆ ಅಂಚುಗಳಿಗೆ. ಸುತ್ತಿಗೆ ಎಲ್ಲಾದರೂ ಒಳಗೆ ಇಳಿದಿದ್ದರೆ ವಿಂಚನ್ನು ಡಬ್ಬದಲ್ಲೇ ಇಟ್ಟಿರಿ.